ಗಾಲ್ವೇ ನಗರದ ಊಟ: ಮೊದಲು ತಿಂಗಳು, ಆಮೇಲೆ ಹೋಟೆಲು

ಐರ್ಲೆಂಡಿನ ಪಶ್ಚಿಮ ಕರಾವಳಿಯ ಗಾಲ್ವೇ ನಗರದಲ್ಲಿ ಎಲ್ಲಿ ಊಟ ಮಾಡಬೇಕು ಎಂದು ಪರಿಚಿತರು ಕೇಳಿದಾಗಲೆಲ್ಲ, ಯಾವ ತಿಂಗಳಲ್ಲಿ ಹೋಗುತ್ತಿದ್ದೀರಿ ಎಂದು ನಾನು ಮೊದಲು ವಿಚಾರಿಸುತ್ತೇನೆ. ಈ ಊರಿನ ಅಡುಗೆಮನೆಗಳು ಮಸಾಲೆಯ ಬಲದಿಂದಾಗಲಿ, ಜಟಿಲವಾದ ಪಾಕಕ್ರಮಗಳಿಂದಾಗಲಿ ಹೆಸರು ಗಳಿಸಿದವಲ್ಲ. ಎದುರಿಗೇ ಹರಡಿಕೊಂಡಿರುವ ಕೊಲ್ಲಿಯಲ್ಲಿ ಆ ವಾರ ಏನು ಸಿಕ್ಕಿತು, ಸುತ್ತಲಿನ ಹುಲ್ಲುಗಾವಲಿನಲ್ಲಿ ಏನು ಮೇಯುತ್ತಿದೆ, ತೋಟಗಳಲ್ಲಿ ಏನು ಕೊಯ್ಲಿಗೆ ಬಂದಿದೆ ಎಂಬುದರ ಮೇಲೆ ಅಲ್ಲಿನ ಒಳ್ಳೆಯ ಊಟ ನಿಂತಿದೆ. ಆದ್ದರಿಂದ ಮೊದಲು ಪದಾರ್ಥವನ್ನು ಆರಿಸಿಕೊಂಡು, ಆಮೇಲೆ ಅದನ್ನು ಚೆನ್ನಾಗಿ ಮಾಡುವ ಜಾಗವನ್ನು ಹುಡುಕುವುದೇ ಸರಿಯಾದ ಕ್ರಮ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೋಟೆಲುಗಳ ಹೆಸರಿನ ಪಟ್ಟಿಯೊಂದನ್ನು ಕೈಯಲ್ಲಿ ಹಿಡಿದು ಹೋದವರಿಗೆ ಗಾಲ್ವೇಯ ಅರ್ಧ ರುಚಿ ಮಾತ್ರ ದಕ್ಕುತ್ತದೆ.

ಊರು ಚಿಕ್ಕದು. ಕಾರಿಬ್ ನದಿ ರಭಸದಿಂದ ಹರಿದು ಬಂದು ಗಾಲ್ವೇ ಕೊಲ್ಲಿಯನ್ನು ಸೇರುವ ಜಾಗದಲ್ಲಿ, 13ನೇ ಶತಮಾನದಲ್ಲಿ ನಾರ್ಮನ್ ಮೂಲದ ಡಿ ಬರ್ಗ್ ಮನೆತನದ ಆಶ್ರಯದಲ್ಲಿ ಬೆಳೆದ ಕೋಟೆಯ ಪಟ್ಟಣವಿದು. ಮುಂದೆ ಹದಿನಾಲ್ಕು ವರ್ತಕ ಮನೆತನಗಳು ಇಲ್ಲಿನ ಆಡಳಿತವನ್ನೂ ವ್ಯಾಪಾರವನ್ನೂ ಕೈಯಲ್ಲಿಟ್ಟುಕೊಂಡವು. ಮೂರನೆಯ ರಿಚರ್ಡ್ ದೊರೆ 1484ರಲ್ಲಿ ಕೊಟ್ಟ ಸನ್ನದು ಊರಿಗೆ ಹೆಚ್ಚಿನ ಸ್ವಾಯತ್ತತೆಯನ್ನು ತಂದಿತು. ಚರ್ಮ, ಉಣ್ಣೆ, ಮೀನು ಹೊರಗೆ ಹೋಗಿ, ಸ್ಪೇನ್ ಮತ್ತು ಫ್ರಾನ್ಸ್‌ಗಳಿಂದ ದ್ರಾಕ್ಷಾರಸದ ಪೀಪಾಯಿಗಳು ಇಲ್ಲಿನ ಬಂದರಿಗೆ ಬಂದಿಳಿಯುತ್ತಿದ್ದವು. ಹಡಗುಕಟ್ಟೆಯ ರಕ್ಷಣೆಗಾಗಿ 1584ರಲ್ಲಿ ಕೋಟೆಗೋಡೆಯನ್ನು ವಿಸ್ತರಿಸಿದಾಗ ಕಟ್ಟಿದ ಕಮಾನು ಇಂದು ಸ್ಪ್ಯಾನಿಷ್ ಆರ್ಚ್ ಎಂಬ ಹೆಸರಿನಿಂದ ನದಿಯ ದಡದಲ್ಲಿ ಉಳಿದಿದೆ. ಊಟದ ದೃಷ್ಟಿಯಿಂದ ಈ ಚರಿತ್ರೆ ಮುಖ್ಯವಾಗುವುದು ಒಂದು ಕಾರಣಕ್ಕೆ: ಮಧ್ಯಯುಗದ ಆ ಕಿರಿದಾದ ಬೀದಿಗಳ ವಿನ್ಯಾಸ ಹಾಗೆಯೇ ಉಳಿದಿರುವುದರಿಂದ, ಏರ್ ಸ್ಕ್ವೇರ್ ಎಂಬ ನಡುಚೌಕದಿಂದ ಶಾಪ್ ಸ್ಟ್ರೀಟ್, ಕ್ವೇ ಸ್ಟ್ರೀಟ್‌ಗಳ ಮೂಲಕ ನದಿಯ ದಡಕ್ಕೆ ಬರಲು ಹದಿನೈದು ನಿಮಿಷವೂ ಬೇಕಾಗುವುದಿಲ್ಲ, ಮತ್ತು ನಾನಿಲ್ಲಿ ಹೇಳಲಿರುವ ಬಹುತೇಕ ಜಾಗಗಳು ಆ ದಾರಿಯಲ್ಲಿ ಅಥವಾ ಸೇತುವೆ ದಾಟಿದೊಡನೆ ಸಿಗುತ್ತವೆ. ನಗರದ ಒಳಗೆ ವಾಹನದ ಗೊಡವೆಯೇ ಬೇಡ.

ಕಮಾನಿನ ಎದುರು ದಡದಲ್ಲಿರುವುದು ಕ್ಲಾಡ. ಕೋಟೆಯ ಹೊರಗೆ, ತಮ್ಮದೇ ಕಟ್ಟುಕಟ್ಟಳೆಗಳೊಂದಿಗೆ ಬದುಕಿದ ಬೆಸ್ತರ ಹಳ್ಳಿಯದು. ಗಂಡಸರು ಹೂಕರ್ ಎಂಬ ಕಪ್ಪು ಮೈಯ, ಕೆಂಗಂದು ಹಾಯಿಯ ದೋಣಿಗಳಲ್ಲಿ ಹೆರಿಂಗ್ ಮೀನಿನ ಬೇಟೆಗೆ ಹೋದರೆ, ಹೆಂಗಸರು ಸ್ಪ್ಯಾನಿಷ್ ಆರ್ಚ್ ಬಳಿಯ ಮೀನುಪೇಟೆಯಲ್ಲಿ ಕುಳಿತು ಮಾರುತ್ತಿದ್ದರು. ಹುಲ್ಲು ಹೊದೆಸಿದ ಆ ಮನೆಗಳನ್ನು 1930ರ ದಶಕದಲ್ಲಿ ಕೆಡವಿ ಹೊಸ ಮನೆಗಳನ್ನು ಕಟ್ಟಿಸಲಾಯಿತು. ಗಾಲ್ವೇಯ ಮೀನಿನ ಊಟದ ಬಗ್ಗೆ ಬರೆಯುವವರು ಹೋಟೆಲು ಮಾಲೀಕರನ್ನು ಹೊಗಳುವ ಮುನ್ನ ಈ ಜನರನ್ನು ನೆನೆಯಬೇಕು. ಈ ನಗರಕ್ಕೆ ತಲೆಮಾರುಗಳ ಕಾಲ ಮೀನು ಉಣ್ಣಿಸಿದವರು ಅವರೇ.

ಇನ್ನು ಆಯ್ಸ್ಟರ್. ಬಂಡೆಗೆ, ಚಿಪ್ಪುಗಳ ರಾಶಿಗೆ ಅಂಟಿಕೊಂಡು ಬೆಳೆಯುವ ಈ ಸಿಂಪಿಯಲ್ಲಿ ಎರಡು ಬಗೆಗಳು ಅಲ್ಲಿ ಸಿಗುತ್ತವೆ, ಮತ್ತು ಅವುಗಳ ವ್ಯತ್ಯಾಸವನ್ನು ತಿಳಿಯದೆ ತಟ್ಟೆ ತರಿಸಬಾರದು. ಒಂದು, ಯೂರೋಪಿನ ಮೂಲದ ಚಪ್ಪಟೆ ಸಿಂಪಿ. ಅದನ್ನು ಅಲ್ಲಿನವರು ನೇಟಿವ್ ಎನ್ನುತ್ತಾರೆ. ಚಿಪ್ಪು ಹೆಚ್ಚುಕಡಿಮೆ ದುಂಡಗಿದ್ದು, ಮಾರಾಟದ ಗಾತ್ರಕ್ಕೆ ಬೆಳೆಯಲು ನಾಲ್ಕೈದು ವರ್ಷ ಹಿಡಿಯುತ್ತದೆ. ಇನ್ನೊಂದು, ಪೆಸಿಫಿಕ್ ಮೂಲದ್ದು. ಇದನ್ನು ಉಬ್ಬರವಿಳಿತದ ತೀರದಲ್ಲಿ ಕಬ್ಬಿಣದ ಮಂಚಗಳ ಮೇಲೆ ಚೀಲಗಳಲ್ಲಿಟ್ಟು ಸಾಕುತ್ತಾರೆ. ಇದರ ಚಿಪ್ಪು ಉದ್ದವಾಗಿ, ಆಳವಾಗಿ, ಒರಟಾಗಿರುತ್ತದೆ, ಬೆಲೆಯೂ ಕಡಿಮೆ. ಸಾಕಿದ ಸಿಂಪಿ ವರ್ಷವಿಡೀ ಸಿಗುತ್ತದೆ. ನೇಟಿವ್ ಸಿಗುವುದು ಮಾತ್ರ ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ, ಏಕೆಂದರೆ ಬೇಸಿಗೆಯಲ್ಲಿ ಅದು ಮರಿ ಮಾಡುತ್ತದೆ. ಆಗ ಅದನ್ನು ಹಿಡಿಯುವುದು ಸಂತತಿಗೂ ಕೆಡುಕು, ರುಚಿಗೂ ಕೆಡುಕು. ಜುಲೈಯಲ್ಲಿ ಹೋಗಿ ನೇಟಿವ್ ಬೇಕೆಂದು ಹಟ ಹಿಡಿಯುವವರಿಗೆ ಒಳ್ಳೆಯ ಹೋಟೆಲಿನವರು ಇಲ್ಲವೆಂದೇ ಹೇಳುತ್ತಾರೆ, ಆ ಉತ್ತರವನ್ನು ಕೇಳಿ ಸಂತೋಷಪಡಬೇಕು.

ಗಾಲ್ವೇ ಕೊಲ್ಲಿಯ ಸಿಂಪಿಗೆ ಇಷ್ಟು ಹೆಸರು ಬರಲು ಕಾರಣ ನೀರು. ಕೊಲ್ಲಿಯ ಒಳಮೂಲೆಯಲ್ಲಿ, ಕ್ಲಾರಿನ್‌ಬ್ರಿಜ್ ಮತ್ತು ಕಿಲ್‌ಕಾಲ್ಗನ್ ಹಳ್ಳಿಗಳ ಬಳಿ, ಸುಣ್ಣಕಲ್ಲಿನ ನೆಲವನ್ನು ಹಾದು ಬಂದ ಹೊಳೆಗಳ ಸಿಹಿನೀರು ಅಟ್ಲಾಂಟಿಕ್ ಸಾಗರದ ಉಪ್ಪುನೀರಿನೊಂದಿಗೆ ಬೆರೆಯುತ್ತದೆ. ಸಿಂಪಿ ತನ್ನ ಆಹಾರವನ್ನು ನೀರನ್ನು ಸೋಸಿಯೇ ಪಡೆಯುವುದರಿಂದ ಆ ನೀರಿನ ಗುಣವೆಲ್ಲ ಅದರ ಮಾಂಸಕ್ಕೆ ಇಳಿಯುತ್ತದೆ. ಬಾಯಿಗಿಟ್ಟಾಗ ಮೊದಲು ಉಪ್ಪು, ಆಮೇಲೆ ತುಸು ಸಿಹಿ, ಕೊನೆಯಲ್ಲಿ ತಾಮ್ರದ ನಾಣ್ಯವನ್ನು ನಾಲಗೆಗೆ ತಾಗಿಸಿದಂಥ ಒಂದು ಒಗರು. ಈ ಕೊನೆಯ ಒಗರು ಸಾಕಿದ ಪೆಸಿಫಿಕ್ ಸಿಂಪಿಯಲ್ಲಿ ಇರುವುದಿಲ್ಲ. ಅದು ಎಲ್ಲರಿಗೂ ಹಿಡಿಸುವುದೂ ಇಲ್ಲ. ಮೊದಲ ಬಾರಿ ತಿನ್ನುವವರು ಪೆಸಿಫಿಕ್‌ನಿಂದಲೇ ಆರಂಭಿಸುವುದು ಒಳಿತು ಎಂದು ನಾನು ಸಲಹೆ ಕೊಡುತ್ತೇನೆ. ಹಸಿಯಾಗಿ ತಿನ್ನಲು ಮನಸ್ಸು ಒಪ್ಪದಿದ್ದರೆ ಬೆಳ್ಳುಳ್ಳಿ, ಬೆಣ್ಣೆ, ಬ್ರೆಡ್ಡಿನ ಪುಡಿ ಹಾಕಿ ಒಲೆಯಲ್ಲಿ ಬೇಯಿಸಿಕೊಡುವುದೂ ಉಂಟು. ಗರ್ಭಿಣಿಯರು ಮತ್ತು ರೋಗನಿರೋಧಕ ಶಕ್ತಿ ಕುಗ್ಗಿದವರು ಹಸಿ ಸಿಂಪಿಯಿಂದ ದೂರವಿರಬೇಕು ಎಂಬುದನ್ನು ಮಾತ್ರ ಮರೆಯಬಾರದು.

ಸಿಂಪಿ ತಿನ್ನಲು ಅತ್ಯುತ್ತಮವಾದ ಜಾಗ ನಗರದ ಒಳಗಿಲ್ಲ. ಸುಮಾರು 20 ಕಿಲೊಮೀಟರ್ ದೂರದ ಕಿಲ್‌ಕಾಲ್ಗನ್ ಬಳಿ, ನೀರಿನ ಅಂಚಿನಲ್ಲಿ ಹುಲ್ಲು ಹೊದೆಸಿದ ಹಳೆಯ ಮನೆಯೊಂದರಲ್ಲಿ ಮೋರನ್ಸ್ ಆಯ್ಸ್ಟರ್ ಕಾಟೇಜ್ ಇದೆ. ಒಂದೇ ಮನೆತನದವರು ಏಳು ತಲೆಮಾರುಗಳಿಂದ ಅದನ್ನು ನಡೆಸಿಕೊಂಡು ಬಂದಿದ್ದಾರೆ. ಅಲ್ಲಿ ತಟ್ಟೆಯಲ್ಲಿ ಬರುವುದು ಇಷ್ಟೇ: ಚಿಪ್ಪು ಬಿಡಿಸಿದ ಸಿಂಪಿಗಳು, ಒಂದು ಹೋಳು ನಿಂಬೆ, ಕಂದು ಬಣ್ಣದ ಬ್ರೆಡ್ಡು, ಉಪ್ಪು ಬೆರೆತ ಬೆಣ್ಣೆ. ಜೊತೆಗೆ ಬೇಕೆನ್ನುವವರಿಗೆ ಕಪ್ಪು ಸ್ಟೌಟ್ ಬಿಯರ್. ಖಾರದ ಸಾಸುಗಳ ಶೀಶೆಯತ್ತ ಕೈ ಹೋಗದಂತೆ ತಡೆದುಕೊಳ್ಳಿ ಎಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಕನಿಷ್ಠ ಮೊದಲ ಎರಡು ಸಿಂಪಿಗಳನ್ನಾದರೂ ಏನೂ ಹಾಕದೆ, ಚಿಪ್ಪಿನೊಳಗಿನ ನೀರಿನ ಸಮೇತ ತಿಂದು, ಚೆನ್ನಾಗಿ ಅಗಿದು ನೋಡಬೇಕು. ಅಗಿಯದೆ ನುಂಗಿಬಿಡಬೇಕು ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಅಗಿಯದಿದ್ದರೆ ಉಪ್ಪಿನ ಆಚೆಗೆ ಏನೂ ತಿಳಿಯುವುದಿಲ್ಲ.

ಸೆಪ್ಟೆಂಬರ್ ಕೊನೆಯ ವಾರಾಂತ್ಯದಲ್ಲಿ ನಗರದಲ್ಲಿ ಆಯ್ಸ್ಟರ್ ಉತ್ಸವ ನಡೆಯುತ್ತದೆ. ಬೇಸಿಗೆ ಮುಗಿದ ಮೇಲೂ ಪ್ರವಾಸಿಗರು ಬರುವಂತಾಗಬೇಕೆಂದು ಏರ್ ಸ್ಕ್ವೇರ್‌ನ ದೊಡ್ಡ ಹೋಟೆಲೊಂದರ ವ್ಯವಸ್ಥಾಪಕರು 1954ರಲ್ಲಿ ಇದನ್ನು ಆರಂಭಿಸಿದರು. ಸಿಂಪಿ ಬಿಡಿಸುವ ವಿಶ್ವಸ್ಪರ್ಧೆ ಅದರ ಮುಖ್ಯ ಆಕರ್ಷಣೆ: ಪ್ರತಿ ಸ್ಪರ್ಧಿಯೂ 30 ಸಿಂಪಿಗಳನ್ನು ಬಿಡಿಸಿ ತಟ್ಟೆಯಲ್ಲಿ ಜೋಡಿಸಬೇಕು. ವೇಗವಷ್ಟೇ ಸಾಲದು, ಚಿಪ್ಪಿನ ಚೂರು ಬಿದ್ದಿದ್ದರೆ, ಮಾಂಸ ಹರಿದಿದ್ದರೆ, ಅದಕ್ಕೆ ದಂಡವಾಗಿ ಸಮಯ ಕೂಡಿಸುತ್ತಾರೆ. ನೋಡಲೇಬೇಕಾದದ್ದು. ಆದರೆ ನೆಮ್ಮದಿಯಿಂದ ಕುಳಿತು ತಿನ್ನಬೇಕೆನ್ನುವವರಿಗೆ ಅಕ್ಟೋಬರ್ ಮತ್ತು ನವೆಂಬರ್ ಇನ್ನೂ ಒಳ್ಳೆಯದು. ಸಿಂಪಿ ಅಷ್ಟೇ ತಾಜಾ, ಜನಸಂದಣಿ ಇಲ್ಲ.

ನಗರದ ಒಳಗೆ ಮೀನಿನ ಮಾತು ಬಂದಾಗ ಎಲ್ಲರ ಬಾಯಲ್ಲೂ ಬರುವ ಹೆಸರು ಕ್ವೇ ಸ್ಟ್ರೀಟ್‌ನ ಮೆಕ್‌ಡೊನಾಸ್. 1902ರಿಂದ ಇರುವ ಈ ಅಂಗಡಿಯಲ್ಲಿ ಒಂದು ಬದಿಗೆ ಫಿಶ್ ಅಂಡ್ ಚಿಪ್ಸ್ ಮಾರುವ ಕೌಂಟರ್, ಇನ್ನೊಂದು ಬದಿಗೆ ಕುಳಿತು ಉಣ್ಣುವ ಹೋಟೆಲು. ಕೌಂಟರಿನ ಸಾಲಿನಲ್ಲಿ ನಿಂತು ತೆಗೆದುಕೊಳ್ಳುವುದೇ ನನಗೆ ಇಷ್ಟ. ಕಾಡ್ ಮೀನನ್ನು ಎಲ್ಲರೂ ಕೇಳುತ್ತಾರೆ. ನನ್ನ ಆಯ್ಕೆ ಹ್ಯಾಡಕ್, ಏಕೆಂದರೆ ಅದರ ಮಾಂಸ ಸ್ವಲ್ಪ ಸಿಹಿ, ಎಸಳುಗಳೂ ಸಣ್ಣ. ಹಿಟ್ಟಿನಲ್ಲಿ ಅದ್ದಿ ಕರಿದ ಮೀನಿನ ಹೊರಪದರ ಗರಿಗರಿಯಾಗಿ, ಒಳಗೆ ಮೀನು ತನ್ನದೇ ಹಬೆಯಲ್ಲಿ ಬೆಂದಿರಬೇಕು. ಹೀಗಾಗಲು ಎಣ್ಣೆ ಸರಿಯಾಗಿ ಕಾದಿರಬೇಕು, ಮೀನು ಅಂದಿನದಾಗಿರಬೇಕು. ಪೊಟ್ಟಣವನ್ನು ಹಿಡಿದು ಸ್ಪ್ಯಾನಿಷ್ ಆರ್ಚ್ ಬಳಿಯ ಹುಲ್ಲಿನ ಮೇಲೆ ಕುಳಿತು ತಿನ್ನುವುದು ಊರಿನ ವಾಡಿಕೆ. ಕಡಲಕ್ಕಿಗಳು ಅಲ್ಲಿ ಬಹಳ ದಿಟ್ಟವಾಗಿದ್ದು, ಕೈಯಲ್ಲಿದ್ದುದನ್ನೇ ಕಸಿದುಕೊಳ್ಳುತ್ತವೆ. ಮಕ್ಕಳ ಜೊತೆ ಹೋದವರು ಎಚ್ಚರವಾಗಿರಬೇಕು.

ಚೌಡರ್ ಎಂಬ ಮೀನಿನ ಗಟ್ಟಿ ಸೂಪಿನ ಬಗ್ಗೆ ಒಂದೆರಡು ಮಾತು. ಕೆನೆ, ಆಲೂಗಡ್ಡೆ, ಈರುಳ್ಳಿ, ಹೊಗೆಯಲ್ಲಿ ಹದಗೊಳಿಸಿದ ಮೀನಿನ ತುಂಡುಗಳು, ಮಸಲ್ ಎಂಬ ಕಪ್ಪುಚಿಪ್ಪಿನ ಜೀವಿಗಳು, ಇವೆಲ್ಲ ಅದರಲ್ಲಿರುತ್ತವೆ. ಮಳೆಗಾಳಿಯ ಮಧ್ಯಾಹ್ನಕ್ಕೆ ಇದಕ್ಕಿಂತ ಒಳ್ಳೆಯ ಊಟವಿಲ್ಲ, ಮತ್ತು ಗಾಲ್ವೇಯಲ್ಲಿ ಅಂಥ ಮಧ್ಯಾಹ್ನಗಳಿಗೆ ಬರವಿಲ್ಲ. ಸಾಧಾರಣ ಪಬ್ಬುಗಳಲ್ಲಿಯೂ ಒಳ್ಳೆಯ ಚೌಡರ್ ಸಿಗುತ್ತದೆ. ಚಮಚವನ್ನು ನೆಟ್ಟರೆ ನಿಲ್ಲುವಷ್ಟು ಹಿಟ್ಟು ಬೆರೆಸಿದ ಚೌಡರ್ ಬಂದರೆ ಅಲ್ಲಿ ಮತ್ತೇನನ್ನೂ ತರಿಸಬೇಡಿ.

ಸಾಮನ್ ಮೀನಿನ ವಿಷಯದಲ್ಲಿ ತಿಳಿದಿರಬೇಕಾದ ಸಂಗತಿಯೊಂದಿದೆ. ನಗರದ ಸಾಮನ್ ವಿಯರ್ ಸೇತುವೆಯ ಮೇಲೆ ನಿಂತರೆ ಬೇಸಿಗೆಯ ಆರಂಭದಲ್ಲಿ ಮೀನುಗಳು ಪ್ರವಾಹಕ್ಕೆ ಎದುರಾಗಿ ಮೇಲೇರುವುದನ್ನು ಕಣ್ಣಾರೆ ಕಾಣಬಹುದು. ಆದರೆ ತಟ್ಟೆಗೆ ಬರುವುದು ಆ ಮೀನಲ್ಲ. ಕಾಡುಸಾಮನ್ ಸಂತತಿ ಕುಸಿದ ಕಾರಣ, ಸಮುದ್ರದಲ್ಲಿ ತೇಲುಬಲೆ ಬಿಟ್ಟು ಅದನ್ನು ಹಿಡಿಯುವುದನ್ನು ಐರ್ಲೆಂಡ್ ಸರಕಾರ 2007ರಿಂದ ನಿಲ್ಲಿಸಿತು. ಈಗ ಹೊಗೆಯಲ್ಲಿ ಹದಗೊಳಿಸಿ ಮಾರುವ ಸಾಮನ್ ಬಹುಪಾಲು ಸಾಕಿದ್ದು. ಆರ್ಗ್ಯಾನಿಕ್ ಎಂದು ಬರೆದಿದ್ದರೆ ಅದು ಖಂಡಿತವಾಗಿ ಸಾಕಿದ್ದೇ, ಕಾಡಿನದಲ್ಲ. ನಾನು ಬೇಸಿಗೆಯಲ್ಲಿ ಸಾಮನ್ ಬದಲು ಮ್ಯಾಕರೆಲ್ ಮೀನನ್ನೇ ತರಿಸುತ್ತೇನೆ. ಅಗ್ಗ, ಸ್ಥಳೀಯ, ತಾಜಾ ಇರುವಾಗ ಅಪೂರ್ವ ರುಚಿ. ಬೇಸಿಗೆಯೆಂದರೆ ಏಡಿಯ ಕಾಲವೂ ಹೌದು. ಬೆಳ್ಳುಳ್ಳಿ ಬೆಣ್ಣೆಯಲ್ಲಿ ಬಿಸಿ ಮಾಡಿದ ಏಡಿಯ ಕೊಂಡಿಗಳು ಸಿಕ್ಕರೆ ಬಿಡಬಾರದು. ನಗರದ ಪಶ್ಚಿಮಕ್ಕಿರುವ ರೊಸವೀಲ್ ಬಂದರಿನಿಂದ ಉದ್ದ ಕೊಂಡಿಯ, ಲಾಬ್‌ಸ್ಟರಿನ ಹತ್ತಿರದ ಸಂಬಂಧಿಯಾದ ಸಿಗಡಿಗಳು ಬರುತ್ತವೆ. ಊಟದ ಪಟ್ಟಿಗಳಲ್ಲಿ ಅವುಗಳನ್ನು ಡಬ್ಲಿನ್ ಬೇ ಪ್ರಾನ್ಸ್ ಎಂದೇ ಬರೆದಿರುತ್ತಾರೆ.

ಶನಿವಾರ ನಗರದಲ್ಲಿರುವಂತೆ ನಿಮ್ಮ ಪ್ರವಾಸವನ್ನು ಹೊಂದಿಸಿಕೊಳ್ಳಿ. 1320ರ ಸುಮಾರಿಗೆ ಕಟ್ಟಿದ ಸೇಂಟ್ ನಿಕೊಲಸ್ ಚರ್ಚಿನ ಪಕ್ಕದ ಓಣಿಯಲ್ಲಿ ಅಂದು ಸಂತೆ ನೆರೆಯುತ್ತದೆ. ಭಾನುವಾರವೂ ಅಂಗಡಿಗಳಿರುತ್ತವೆ, ಆದರೆ ಸಂತೆಯ ಜೀವ ಇರುವುದು ಶನಿವಾರ ಬೆಳಿಗ್ಗೆ. ಮಣ್ಣು ಮೆತ್ತಿದ ಕ್ಯಾರೆಟ್ಟು, ಬೇಸಿಗೆಯ ಮೊದಲ ಹೊಸ ಆಲೂಗಡ್ಡೆ, ಅಂದೇ ಸುಟ್ಟ ಬ್ರೆಡ್ಡು, ಚೀಸು, ಮೀನು, ಬಿಸಿಬಿಸಿ ತಿಂಡಿಯ ಗಾಡಿಗಳು, ಎಲ್ಲವೂ ಚರ್ಚಿನ ಗೋಡೆಗೆ ಒತ್ತಿಕೊಂಡಂತೆ ನಿಂತಿರುತ್ತವೆ. ಬೆಳೆದವರೇ ನಿಂತು ಮಾರುವುದರಿಂದ ಕೇಳಿದ್ದಕ್ಕೆಲ್ಲ ಉತ್ತರ ಸಿಗುತ್ತದೆ. ಡಿಲಿಸ್ಕ್ ಎಂಬ ಒಣಗಿಸಿದ ಕಡುನೇರಳೆ ಬಣ್ಣದ ಕಡಲಪಾಚಿಯನ್ನು ಕೊಂಡು ಬಾಯಾಡಿಸಿ ನೋಡಬೇಕು. ಅಲ್ಲಿನ ತೀರದ ಜನ ಅದನ್ನು ಕುರುಕಲಿನಂತೆ ತಿನ್ನುತ್ತಾರೆ. ಕ್ಯಾರಗೀನ್ ಎಂಬ ಇನ್ನೊಂದು ಪಾಚಿಯನ್ನು ಹಾಲಿನಲ್ಲಿ ಕುದಿಸಿದರೆ ಹಾಲು ಗಟ್ಟಿಯಾಗಿ ಪುಡ್ಡಿಂಗ್ ಆಗುತ್ತದೆ. ಪ್ರಾಣಿಜನ್ಯ ಜೆಲಾಟಿನ್ ಬೇಡವೆನ್ನುವವರು ಈ ಪುಡ್ಡಿಂಗ್ ಎಲ್ಲಿ ಕಂಡರೂ ಕೇಳಿ ತರಿಸಿಕೊಳ್ಳಬಹುದು, ಮೊಟ್ಟೆ ಹಾಕಿದ್ದಾರೆಯೇ ಎಂದು ಮಾತ್ರ ವಿಚಾರಿಸಿಕೊಂಡರೆ ಸಾಕು.

ಇದೇ ಸಂತೆಯಲ್ಲಿ 1995ರಲ್ಲಿ ಒಂದು ಚೀಸಿನ ಗಾಡಿಯಾಗಿ ಆರಂಭವಾದದ್ದು ಶೆರಿಡನ್ಸ್. ಈಗ ಅದಕ್ಕೆ ಚರ್ಚಿನ ಬಳಿಯೇ ಅಂಗಡಿಯಿದೆ. ಐರ್ಲೆಂಡಿನ ಹೊಲಮನೆಗಳಲ್ಲಿ ಕೈಯಿಂದ ಮಾಡುವ ಚೀಸುಗಳ ಪರಂಪರೆ ಬಲವಾಗಿ ಮರಳಿದ್ದು 1970ರ ದಶಕದ ನಂತರ. ಟಿಪ್ಪರೇರಿಯ ನೀಲಿಗೆರೆಯ ಕ್ಯಾಶೆಲ್ ಬ್ಲೂ, ಪಕ್ಕದ ಕ್ಲೇರ್ ಸೀಮೆಯ ಮೇಕೆ ಹಾಲಿನ ಸೇಂಟ್ ಟೋಲಾ, ಇವೆರಡನ್ನು ಚೂರು ಚೂರು ಕೊಂಡು ಸೋಡಾ ಬ್ರೆಡ್ಡಿನೊಂದಿಗೆ ತಿಂದರೆ ಅದೇ ಒಂದು ಊಟ. ಈ ಬ್ರೆಡ್ಡಿಗೆ ಯೀಸ್ಟ್ ಹಾಕುವುದಿಲ್ಲ. ಮಜ್ಜಿಗೆಯ ಹುಳಿಯೂ ಅಡುಗೆ ಸೋಡಾವೂ ಸೇರಿ ಹಿಟ್ಟನ್ನು ಉಬ್ಬಿಸುತ್ತವೆ. ಐರ್ಲೆಂಡಿನ ತೇವದ ಹವೆಯಲ್ಲಿ ಬೆಳೆಯುವ ಮೆದು ಗೋಧಿಯಲ್ಲಿ ಜಿಗುಟು ಕಡಿಮೆ ಇರುವುದರಿಂದ ಅದಕ್ಕೆ ಈ ವಿಧಾನವೇ ಒಗ್ಗಿತು. ಹೋಟೆಲಿನ ಯೋಗ್ಯತೆಯನ್ನು ಅಳೆಯಲು ನಾನು ನೋಡುವುದು ಇದೇ ಬ್ರೆಡ್ಡನ್ನು. ಅದು ಅಂದಿನದಾಗಿದ್ದು, ಬೆಣ್ಣೆ ಕಲ್ಲಿನಂತೆ ತಣ್ಣಗಿರದಿದ್ದರೆ, ಒಳಗೆ ಅಡುಗೆ ಮಾಡುತ್ತಿರುವವರಿಗೆ ಶ್ರದ್ಧೆಯಿದೆ ಎಂದೇ ಅರ್ಥ.

ಉತ್ತಮ ದರ್ಜೆಯ ಊಟಕ್ಕೆ ಸೇತುವೆ ದಾಟಬೇಕು. ನದಿಯ ಪಶ್ಚಿಮಕ್ಕಿರುವ ಡೊಮಿನಿಕ್ ಸ್ಟ್ರೀಟ್, ಸೀ ರೋಡ್‌ಗಳ ಆಸುಪಾಸಿನಲ್ಲಿ ಪ್ರವಾಸಿಗರ ದಟ್ಟಣೆ ಕಡಿಮೆ, ಅಡುಗೆಯ ಮೇಲಿನ ಗಮನ ಹೆಚ್ಚು. ಅಲ್ಲಿರುವ ಆನಿಯರ್ 2011ರಲ್ಲಿ ತೆರೆಯಿತು. ಮರುವರ್ಷವೇ ಅದಕ್ಕೆ, ಅಡುಗೆಯ ಗುಣಮಟ್ಟಕ್ಕಾಗಿ ಹೋಟೆಲುಗಳಿಗೆ ಕೊಡುವ ಮಿಷೆಲಿನ್ ತಾರೆ ಬಂತು. ಅದರ ಬಾಣಸಿಗ ಜೆ. ಪಿ. ಮೆಕ್‌ಮಹನ್ ಪಶ್ಚಿಮ ಐರ್ಲೆಂಡಿನಲ್ಲಿ ಸಿಗುವ ಪದಾರ್ಥಗಳಿಗೇ ತಮ್ಮ ಅಡುಗೆಯನ್ನು ಸೀಮಿತಗೊಳಿಸಿಕೊಂಡವರು. ನಿಂಬೆ, ಕರಿಮೆಣಸುಗಳಂಥ ಹೊರಗಿನ ವಸ್ತುಗಳನ್ನು ಬದಿಗಿಟ್ಟು, ಪಾಚಿ, ತೀರದ ಸೊಪ್ಪು, ಕಾಡಿನ ಹಣ್ಣುಗಳಿಂದಲೇ ಹುಳಿ, ಉಪ್ಪು, ಘಾಟು ತರುವ ಆ ಶಿಸ್ತು ನನಗೆ ಬಹಳ ಮೆಚ್ಚುಗೆ. ಚಿಕ್ಕ ಚಿಕ್ಕ ತಟ್ಟೆಗಳಲ್ಲಿ ಒಂದಾದ ಮೇಲೊಂದು ಬರುವ ಆ ಊಟಕ್ಕೆ ಸಂಜೆಯಿಡೀ ಬೇಕು, ಹಣವೂ ಬೇಕು. ಹಾಗೆಂದು ಗಾಲ್ವೇಗೆ ಮೊದಲ ಸಲ ಹೋದವರು ಅಲ್ಲಿಂದಲೇ ಆರಂಭಿಸುವುದು ನನ್ನ ಮಟ್ಟಿಗೆ ಸರಿಯಲ್ಲ. ಸಂತೆಯಲ್ಲಿ ಪಾಚಿಯನ್ನು ಅಗಿದು, ದಡದಲ್ಲಿ ಸಿಂಪಿ ತಿಂದು, ಆಮೇಲೆ ಆನಿಯರ್‌ಗೆ ಹೋದರೆ ಅಲ್ಲಿನ ಅಡುಗೆ ಏನನ್ನು ಕುರಿತದ್ದು ಎಂಬುದು ಸ್ಪಷ್ಟವಾಗುತ್ತದೆ. ಸೀ ರೋಡ್‌ನ ಕಾಯ್ ಇದಕ್ಕಿಂತ ಸರಳ. ನ್ಯೂಜಿಲೆಂಡ್ ಮೂಲದ ಬಾಣಸಿಗರೊಬ್ಬರು ಅಲ್ಲಿ ಋತುವಿಗೆ ತಕ್ಕಂತೆ ಅಡುಗೆ ಮಾಡುತ್ತ ಬಂದಿದ್ದಾರೆ. ಸ್ಪ್ಯಾನಿಷ್ ಆರ್ಚ್‌ಗೆ ಹೊಂದಿಕೊಂಡ ಹಳೆಯ ಕಲ್ಲುಕಟ್ಟಡದಲ್ಲಿರುವ ಆರ್ಡ್ ಬಿಯಾ ಬೆಳಗಿನ ತಿಂಡಿಗೆ ಬಹಳ ಚೆನ್ನ. ನಗರದ ಪಶ್ಚಿಮಕ್ಕಿರುವ ಕಾನಮಾರ ಸೀಮೆಯ ಬೆಟ್ಟಗಳ ಕುರಿಮಾಂಸಕ್ಕೆ 2007ರಿಂದ ಯೂರೋಪಿಯನ್ ಒಕ್ಕೂಟದ ಭೌಗೋಳಿಕ ಮಾನ್ಯತೆಯಿದೆ. ಗಿಡಮೂಲಿಕೆಗಳನ್ನು ಮೇಯ್ದು ನಿಧಾನವಾಗಿ ಬೆಳೆಯುವ ಆ ಕುರಿಯ ಮಾಂಸ ಬೇಸಿಗೆಯ ಕೊನೆಯಿಂದ ಸಿಗತೊಡಗುತ್ತದೆ. ಪಟ್ಟಿಯಲ್ಲಿ ಕಂಡರೆ ಅದನ್ನೇ ಆರಿಸಿ.

ಸಸ್ಯಾಹಾರಿಗಳು ಗಾಲ್ವೇಯಲ್ಲಿ ಹಸಿದಿರಬೇಕಾಗಿಲ್ಲ, ಆದರೆ ಪ್ರಶ್ನೆ ಕೇಳಲು ಸಂಕೋಚಪಡಬಾರದು. ಅಲ್ಲಿನ ಪಬ್ಬುಗಳಲ್ಲಿ ಮಧ್ಯಾಹ್ನ ದೊರೆಯುವ ದಿನದ ಸೂಪು ಸಾಮಾನ್ಯವಾಗಿ ತರಕಾರಿಯನ್ನು ಬೇಯಿಸಿ ನುಣ್ಣಗೆ ಅರೆದದ್ದು, ಬ್ರೆಡ್ಡು ಬೆಣ್ಣೆಯ ಜೊತೆ ಹೊಟ್ಟೆ ತುಂಬುತ್ತದೆ. ಅದನ್ನು ಕೋಳಿಯ ಸಾರಿನಲ್ಲಿ ಮಾಡಿದ್ದಾರೆಯೇ ಎಂದು ಕೇಳಿಯೇ ತರಿಸಬೇಕು. ಕೆಲವು ಅಂಗಡಿಗಳಲ್ಲಿ ಆಲೂಗಡ್ಡೆ ಚಿಪ್ಸನ್ನು ದನದ ಕೊಬ್ಬಿನಲ್ಲಿ ಕರಿಯುವ ಹಳೆಯ ಪದ್ಧತಿ ಇನ್ನೂ ಇದೆ, ಎಣ್ಣೆಯಲ್ಲಿ ಕರಿದರೂ ಅದೇ ಎಣ್ಣೆಯಲ್ಲಿ ಮೀನನ್ನೂ ಕರಿದಿರಬಹುದು. ಊಟದ ಪಟ್ಟಿಯಲ್ಲಿ ಪ್ರತಿ ಖಾದ್ಯದ ಮುಂದೆ ಕಾಣುವ ಸಣ್ಣ ಅಂಕಿಗಳು ಅಲರ್ಜಿ ತರುವ 14 ಪದಾರ್ಥಗಳನ್ನು ಸೂಚಿಸುತ್ತವೆ. ಯೂರೋಪಿನ ಕಾನೂನಿನಂತೆ ಈ ಮಾಹಿತಿಯನ್ನು ಕೊಡುವುದು ಕಡ್ಡಾಯ, ಐರ್ಲೆಂಡಿನ ನಿಯಮದಂತೆ ಅದು ಬರವಣಿಗೆಯಲ್ಲಿಯೇ ಇರಬೇಕು. ಮೀನು, ಮೊಟ್ಟೆ, ಚಿಪ್ಪುಜೀವಿಗಳು ಆ ಪಟ್ಟಿಯಲ್ಲಿವೆ, ಮಾಂಸ ಇಲ್ಲ. ಆದ್ದರಿಂದ ಅಂಕಿ ಇಲ್ಲವೆಂದ ಮಾತ್ರಕ್ಕೆ ಸಸ್ಯಾಹಾರವೆಂದು ತಿಳಿಯಬಾರದು.

ಪಬ್ಬು ಎಂದೊಡನೆ ಕುಡಿತದ ಜಾಗ ಎಂದು ಭಾವಿಸಿ ದೂರ ಉಳಿಯುವವರಿಗೆ ನಾನು ಹೇಳುವುದಿಷ್ಟು: ಗಾಲ್ವೇಯ ಪಬ್ಬುಗಳಲ್ಲಿ ಒಂದು ಲೋಟ ಚಹಾ ಹಿಡಿದು ಸಂಜೆಯೆಲ್ಲ ಕುಳಿತರೂ ಯಾರೂ ಏಳು ಎನ್ನುವುದಿಲ್ಲ. ಕ್ರಾಸ್ ಸ್ಟ್ರೀಟ್‌ನ ಮೂಲೆಯಲ್ಲಿ ನೀಲಿ ಬಣ್ಣದ ಗೋಡೆಗಳ ಟಿ ನಾಕ್ಟನ್ಸ್ 1894ರಿಂದ ಇದೆ. ಆ ಕಟ್ಟಡ ಒಂದು ಕಾಲಕ್ಕೆ ರಿಚರ್ಡ್ ಮಾರ್ಟಿನ್ ಅವರ ಪಟ್ಟಣದ ಮನೆಯಾಗಿತ್ತು. ಜಾನುವಾರುಗಳ ಮೇಲಿನ ಕ್ರೌರ್ಯವನ್ನು ತಡೆಯುವ 1822ರ ಕಾನೂನನ್ನು ಬ್ರಿಟಿಷ್ ಸಂಸತ್ತಿನಲ್ಲಿ ಹಟ ಹಿಡಿದು ತಂದವರು ಅವರೇ. ಒಳಗೆ ಮರದ ಹಲಗೆಗಳಿಂದ ಮರೆಮಾಡಿದ ಪುಟ್ಟ ಪುಟ್ಟ ಕೋಣೆಗಳಿವೆ. ಸಂಗೀತಕ್ಕಾಗಿ ಮೇನ್‌ಗಾರ್ಡ್ ಸ್ಟ್ರೀಟ್‌ನ ಟಿ ಕೋಲಿ ಅಥವಾ ಸೀ ರೋಡ್‌ನ ಕ್ರೇನ್ ಬಾರ್‌ಗೆ ಹೋಗಬೇಕು. ಪಿಟೀಲು, ಕೊಳಲು, ಅಕಾರ್ಡಿಯನ್ ಹಿಡಿದವರು ಮೂಲೆಯ ಮೇಜಿನ ಸುತ್ತ ಒಬ್ಬರಿಗೊಬ್ಬರು ಎದುರಾಗಿ ಕುಳಿತು ನುಡಿಸುತ್ತಾರೆ. ಅದು ವೇದಿಕೆಯ ಕಛೇರಿಯಲ್ಲ, ಕಲಾವಿದರು ಪರಸ್ಪರ ನುಡಿಸಿಕೊಳ್ಳುವ ಕೂಟ. ಅವರಿಗೆ ಮೀಸಲಾದ ಆಸನಗಳಲ್ಲಿ ಕೂರಬಾರದು; ಯಾರಾದರೂ ವಾದ್ಯವಿಲ್ಲದೆ ಒಂಟಿಯಾಗಿ ಹಳೆಯ ಐರಿಷ್ ಹಾಡು ಎತ್ತಿಕೊಂಡರೆ ಇಡೀ ಪಬ್ಬು ಸುಮ್ಮನಾಗುತ್ತದೆ, ನೀವೂ ಸುಮ್ಮನಾಗಬೇಕು.

ಸ್ಟೌಟ್ ತುಂಬಿಸುವುದಕ್ಕೂ ಒಂದು ಕ್ರಮವಿದೆ. ಓರೆಯಾಗಿ ಹಿಡಿದ ಗ್ಲಾಸನ್ನು ಮುಕ್ಕಾಲು ತುಂಬಿಸಿ, ನೊರೆ ಮೇಲೆದ್ದು ದ್ರವ ಕಪ್ಪಾಗುವವರೆಗೆ ಕೌಂಟರಿನ ಮೇಲೆ ಬಿಟ್ಟು, ಆಮೇಲೆ ಪೂರ್ತಿ ಮಾಡುತ್ತಾರೆ. ಎಲ್ಲ ಸೇರಿ ಎರಡು ನಿಮಿಷ. ಈ ನಡುವೆ ಅವಸರ ಮಾಡುವುದು ಅಸಭ್ಯತೆ. ಒಂದು ಪೈಂಟ್ ಎಂದರೆ 568 ಮಿಲಿಲೀಟರ್; ಅರ್ಧ ಪೈಂಟ್ ಕೇಳಬಹುದು. ಗೆಳೆಯರ ಗುಂಪಿನಲ್ಲಿ ಒಬ್ಬೊಬ್ಬರು ಸರದಿಯಂತೆ ಎಲ್ಲರಿಗೂ ಕೊಡಿಸುವ ಪದ್ಧತಿ ಅಲ್ಲಿ ಬಲವಾಗಿದೆ. ಸರದಿಯಲ್ಲಿ ಸೇರಿಕೊಂಡ ಮೇಲೆ ತನ್ನ ಪಾಳಿ ತಪ್ಪಿಸುವುದು ದೊಡ್ಡ ಲೋಪ; ಹೆಚ್ಚು ಕುಡಿಯಲು ಒಲ್ಲದವರು ಮೊದಲೇ ಹೇಳಿ ಹೊರಗುಳಿಯುವುದು ಮೇಲು. ಊರಿನದೇ ಬಿಯರ್ ಬೇಕೆನ್ನುವವರಿಗೆ 2009ರಲ್ಲಿ ಆರಂಭವಾದ ಗಾಲ್ವೇ ಬೇ ಬ್ರೂವರಿಯದು ಇದೆ. ಸೇತುವೆಯಾಚೆಯ ಸಾಲ್ಟ್ ಹೌಸ್ ಎಂಬ ಪುಟ್ಟ ಪಬ್ಬಿನಲ್ಲಿ ಅಂಥ ಬಿಯರುಗಳ ಆಯ್ಕೆ ದೊಡ್ಡದು.

ಕಡಲತೀರದ ಸಾಲ್ಟ್‌ಹಿಲ್ ಬಡಾವಣೆಯವರೆಗೆ ನಡೆದುಹೋದರೆ ಮೀಹಲ್ ಎಂಬ ಭಟ್ಟಿಯನ್ನು ನೋಡಬಹುದು. ಐರ್ಲೆಂಡಿನಲ್ಲಿ ಮದ್ಯದ ಭಟ್ಟಿಗೆ 1661ರಲ್ಲಿ ತೆರಿಗೆ ಬಿದ್ದ ಮೇಲೆ, ಪೊಚೀನ್ ಎಂಬ ಮನೆಯ ಮದ್ಯ ಕಳ್ಳಭಟ್ಟಿಯಾಗಿ ಬೆಟ್ಟದ ಸಂದುಗಳನ್ನು ಸೇರಿತು. ಅದನ್ನು ದೇಶದೊಳಗೆ ಕಾನೂನುಬದ್ಧವಾಗಿ ಮಾರಲು ಅವಕಾಶವಾದದ್ದು 1997ರಲ್ಲಿ. ಕಾನಮಾರದಲ್ಲಿ 1848ರಿಂದ ಪೊಚೀನ್ ಇಳಿಸುತ್ತಿದ್ದ ಮನೆತನದ ಆರನೆಯ ತಲೆಮಾರಿನವರು 2016ರಲ್ಲಿ ನಗರದಲ್ಲಿ ಬಹಿರಂಗವಾಗಿ ತೆರೆದ ಭಟ್ಟಿ ಇದು. ಬಾರ್ಲಿ, ಓಟ್ಸ್‌ಗಳ ಹಿಟ್ಟಿನ ಸಿಹಿಯ ಹಿಂದೆ ಬಲವಾದ ಕಾವು ಇರುವ ಪಾನೀಯ. ಒಂದು ಗುಟುಕು ಸಾಕು.

ಕೆಲವು ನಿಯಮಗಳನ್ನು ತಿಳಿದಿದ್ದರೆ ಅನುಕೂಲ. ಮದ್ಯ ಕೊಳ್ಳಲು ವಯಸ್ಸು 18 ತುಂಬಿರಬೇಕು. ಮಕ್ಕಳನ್ನು ಪಬ್ಬಿಗೆ ಕರೆದೊಯ್ಯಬಹುದು, ಆದರೆ ರಾತ್ರಿ 9 ಗಂಟೆಯೊಳಗೆ ಅವರು ಹೊರಡಬೇಕು. ಮೇಯಿಂದ ಸೆಪ್ಟೆಂಬರ್‌ವರೆಗೆ ಈ ಮಿತಿ 10 ಗಂಟೆ. ಆದ್ದರಿಂದ ಕುಟುಂಬದವರು ಸಂಜೆಯ ಸಂಗೀತ ಕೂಟವನ್ನೇ ಆರಿಸಿಕೊಳ್ಳಬೇಕು. ಅಂಗಡಿಗಳಲ್ಲಿ ರಾತ್ರಿ 10ರ ನಂತರ ಮದ್ಯ ಮಾರುವುದಿಲ್ಲ. ಹೋಟೆಲುಗಳಲ್ಲಿ ಸೇವೆ ಹಿಡಿಸಿದರೆ ಶೇಕಡ 10ರಷ್ಟು ಭಕ್ಷೀಸು ಕೊಡುವುದು ವಾಡಿಕೆ, ಪಬ್ಬಿನ ಕೌಂಟರಿನಲ್ಲಿ ಬೇಕಿಲ್ಲ. ಸಂಜೆ ಬೇಗ ಹೋದವರಿಗೆ ಅನೇಕ ಹೋಟೆಲುಗಳು ಕಡಿಮೆ ದರದ ನಿಗದಿತ ಊಟವನ್ನು ಕೊಡುತ್ತವೆ, ಹಣ ಉಳಿಸಲು ಇದೇ ಒಳ್ಳೆಯ ದಾರಿ. ಜುಲೈಯ ಕಲಾ ಉತ್ಸವ ಮತ್ತು ಅದರ ಬೆನ್ನಿಗೇ ಬರುವ ಬ್ಯಾಲಿಬ್ರಿಟ್ ಕುದುರೆ ಪಂದ್ಯಗಳ ವಾರದಲ್ಲಿ ಮೇಜು ಸಿಗುವುದೇ ಕಷ್ಟ, ಕೋಣೆಗಳ ಬಾಡಿಗೆಯೂ ವಿಪರೀತ. ಊಟಕ್ಕೆಂದೇ ಹೋಗುವವರು ಆ ದಿನಗಳನ್ನು ತಪ್ಪಿಸಬೇಕು.

ಊರಿಗೆ ಕೊಂಡೊಯ್ಯಲು ಏನಾದರೂ ಬೇಕಿದ್ದರೆ ಶಾಪ್ ಸ್ಟ್ರೀಟ್‌ನಲ್ಲಿ 1925ರಿಂದ ಇರುವ ಮೆಕ್‌ಕೇಂಬ್ರಿಜಸ್ ದಿನಸಿ ಅಂಗಡಿಗೆ ಹೋಗಬೇಕು. ಗಟ್ಟಿ ಚೀಸು, ಓಟ್ಸ್ ಬಿಸ್ಕತ್ತು, ಹಣ್ಣಿನ ಜ್ಯಾಮು, ಒಣಗಿದ ಡಿಲಿಸ್ಕ್ ಪೊಟ್ಟಣ, ಇವು ಪ್ರಯಾಣಕ್ಕೆ ಹೆದರದ ವಸ್ತುಗಳು. ಗಾಳಿ ತೆಗೆದು ಕಟ್ಟಿದ ಸಾಮನ್ ಕೊಳ್ಳುವುದಾದರೆ ಹೊರಡುವ ದಿನವೇ ಕೊಂಡು, ಪೊಟ್ಟಣದ ಮೇಲಿನ ದಿನಾಂಕವನ್ನೂ, ಹೋಗಿ ಇಳಿಯುವ ದೇಶದಲ್ಲಿ ಅಂಥ ಆಹಾರಕ್ಕೆ ಅನುಮತಿಯಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.